ಮಳೆ ಬಂತು, ಹಡಗೂ ಬಂತು... ಹೀರೋ ಎಲ್ಲಿ?

ಗೆಳೆಯರೇ, ಸಿನಿಮಾದಲ್ಲಿ ಮಳೆ ಬಂದ್ರೆ ಏನಾಗುತ್ತೆ? ಹಾಡು ಶುರುವಾಗುತ್ತೆ. ಹಡಗು ಬಂದ್ರೆ? ಕೂಲಿಂಗ್ ಗ್ಲಾಸ್ ಹಾಕ್ಕೊಂಡು ಹೀರೋ ಇಳೀತಾನೆ! 1978ರಲ್ಲಿ ವಿಷ್ಣುವರ್ಧನ್–ದ್ವಾರಕೀಶ್ ಜೋಡಿ ‘ಸಿಂಗಾಪುರದಲ್ಲಿ ರಾಜಾ ಕುಳ್ಳ’ದಲ್ಲಿ ನಮ್ಮ ಅಪ್ಪಂದಿರಿಗೆ ಗಾಂಧಿಕ್ಲಾಸಿನ ಬೆಂಚಿನ ಮೇಲೇ ಫಾರಿನ್ ತೋರಿಸಿತು. 2006ರ ಕೊನೆಗೆ ‘ಮುಂಗಾರು ಮಳೆ’ ಬಂತು ನೋಡಿ, ಆಮೇಲೆ ನೆನೆಯೋ ಹುಡುಗರೆಲ್ಲ ತಾವೇ ಗಣೇಶ್ ಅಂದ್ಕೊಂಡು ನೆಗಡಿ ತರಿಸ್ಕೊಂಡರು. ನಾನೂ ಆ ಪೈಕಿಯವನೇ.

ಸರಿ, ಮಳೆ, ಹಡಗು ಎರಡೂ ಒಂದೇ ದಿನ ಒಂದೇ ಜಾಗಕ್ಕೆ ಬಂದ್ರೆ? ಅದನ್ನ ಕಣ್ಣಾರೆ ನೋಡಿ ಬಂದೆ. ಹಾಡೂ ಇರಲಿಲ್ಲ, ಕೂಲಿಂಗ್ ಗ್ಲಾಸೂ ಇರಲಿಲ್ಲ. ನನ್ನ ಕೈಯಲ್ಲಿ ಒಂದು ಡಬ್ಬ ಕಜ್ಜಾಯ ಇತ್ತು, ಅಷ್ಟೆ.

ನಮ್ಮ ಬೆಳ್ಳೂರಿನ ಹುಡುಗ ಒಬ್ಬ, ನನ್ನ ಜತೆ ಬೆಂಚು ಹಂಚಿಕೊಂಡವನು. ನಾನು ಪಿಯುಸಿಗೆ ಕೈಮುಗಿದು ಪೆನ್ನು ಹಿಡಿದೆ, ಅವನು ಹೋಟೆಲ್ ಕೋರ್ಸ್ ಮಾಡಿ ಸೌಟು ಹಿಡಿದ. ಈಗ ಫಾರಿನ್ ಪ್ರವಾಸಿಗರನ್ನ ಊರೂರು ತಿರುಗಿಸೋ ದೊಡ್ಡ ಹಡಗಿನಲ್ಲಿ ಅಡುಗೆಯವನು. ಆ ಹಡಗು ಒಂದು ಹಗಲಿನ ಮಟ್ಟಿಗೆ ಮಂಗಳೂರಿಗೆ ಬರುತ್ತೆ ಅಂತ ಗೊತ್ತಾದದ್ದೇ ತಡ, ಅವರಮ್ಮ ನಮ್ಮನೆ ಬಾಗಿಲಿಗೆ ಬಂದರು.

‘ಸಂಕ್ರಾಂತಿ ಕಳೀತಿದ್ದಂಗೆ ಅವನ ತಂಗಿ ಲಗ್ನ. ಬತ್ತೀಯೇನ್ಲಾ ಅಂದ್ರೆ ಫೋನ್ನಾಗೆ ಹೂಂ ಅನ್ನಕಿಲ್ಲ, ಊಹೂಂ ಅನ್ನಕಿಲ್ಲ. ಮುಖ ನೋಡಿ ಕೇಳ್ಕೊಂಡ್ ಬಾರಪ್ಪ.’

ಬೆಳ್ಳೂರು ಕ್ರಾಸ್‌ನಲ್ಲಿ ರಾತ್ರಿ ಬಸ್ ಹತ್ತಿದೆ. ಇದೇ ಪತ್ರಿಕೆ ಕೈಲಿ ಹಿಡಿದು ನಿಮ್ಮಲ್ಲೂ ಎಷ್ಟು ಜನ ಅಲ್ಲಿ ಬಸ್ ಕಾಯ್ತೀರೋ! ಚನ್ನರಾಯಪಟ್ಟಣ, ಹಾಸನ, ಸಕಲೇಶಪುರ... ಶಿರಾಡಿ ಘಾಟಿ ಇಳಿಯೋ ಹೊತ್ತಿಗೆ ಮಳೆ ಹಿಡೀತು. ನವೆಂಬರ್ ತಿಂಗಳಲ್ಲಿ ಇದೆಂಥಾ ಮಳೆ ಸ್ವಾಮಿ? ಸಮುದ್ರದಲ್ಲಿ ವಾಯುಭಾರ ಕುಸಿತವಂತೆ. ಲಾರಿ ಸಾಲಿನ ಹಿಂದೆ ಬಸ್ಸು ಬಸವನಹುಳು ಆಯ್ತು. ಮಂಗಳೂರು ಮುಟ್ಟಿ, ಅಲ್ಲಿಂದ ಪಣಂಬೂರಿನ ಬಂದರಿನ ಗೇಟಿಗೆ ಹೋದಾಗ ಒಂಬತ್ತೂವರೆ.

ಈ ನವಮಂಗಳೂರು ಬಂದರು ಹುಟ್ಟಿದ್ದರಲ್ಲೂ ಮಳೆಯದೇ ಪಾತ್ರ ಇದೆ. ಹಳೇ ಬಂದರು ಇರೋದು ನೇತ್ರಾವತಿ, ಗುರುಪುರ ನದಿಗಳು ಸಮುದ್ರ ಸೇರೋ ಅಳಿವೆಯಲ್ಲಿ. ದೊಡ್ಡ ಹಡಗು ಒಳಗೆ ಬರೋಕೆ ಆಳ ಸಾಲದು. ದೂರದಲ್ಲಿ ಲಂಗರು ಹಾಕಬೇಕು, ಸರಕು ದೋಣಿಯಲ್ಲಿ ಹೋಗಬೇಕು. ಮಳೆಗಾಲ ಬಂತೋ, ಅದಕ್ಕೂ ಬೀಗ. ಅದಕ್ಕೇ ಪಣಂಬೂರಿನಲ್ಲಿ ನೆಲ ತೋಡಿ, ಸಮುದ್ರವನ್ನೇ ಒಳಗೆ ಕರ್ಕೊಂಡು, ಎಲ್ಲ ಕಾಲಕ್ಕೂ ಹಡಗು ನಿಲ್ಲೋ ಬಂದರು ಕಟ್ಟಿದರು. 1975ರ ಜನವರಿಯಲ್ಲಿ ಪ್ರಧಾನಿ ಇಂದಿರಾ ಗಾಂಧಿ ಬಂದು ಉದ್ಘಾಟಿಸಿದರು. ಮಳೆಗೆ ಹೆದರಬಾರದು ಅಂತಲೇ ಕಟ್ಟಿದ ಬಂದರು ಇದು. ಹಡಗೇನೋ ಹೆದರಲ್ಲ. ಹಡಗಿನ ಒಳಗಿರೋ ಜನ?

ಪಾಸಿಲ್ಲದವನನ್ನ ಒಳಗೆ ಬಿಡಲ್ಲ. ಗೇಟಿನ ಎದುರು ಅಂಗಡಿಯ ತಗಡಿನ ಕೆಳಗೆ ನಿಂತೆ. ಟ್ಯಾಕ್ಸಿಯವರು, ಆಟೋದವರು ಸಾಲಾಗಿ ನಿಂತಿದ್ದರು. ಪ್ರವಾಸಿ ಹಡಗು ಬರೋ ದಿನ ಒಳಗಡೆ ಚೆಂಡೆ ಬಾರಿಸಿ, ಯಕ್ಷಗಾನದ ವೇಷದಲ್ಲಿ ಸ್ವಾಗತ ಮಾಡ್ತಾರೆ. ಆಮೇಲೆ ಕದ್ರಿ, ಕುದ್ರೋಳಿ, ಸಂತ ಅಲೋಶಿಯಸ್ ಚಾಪೆಲ್, ಗೋಡಂಬಿ ಕಾರ್ಖಾನೆ, ದೂರ ಹೋಗೋರಿಗೆ ಮೂಡುಬಿದಿರೆಯ ಸಾವಿರ ಕಂಬದ ಬಸದಿ. ಸಾಯಂಕಾಲದೊಳಗೆ ಎಲ್ಲರೂ ವಾಪಸ್.

‘ಎಂತ ಮಾರಾಯ್ರೆ,’ ಅಂದರು ಒಬ್ಬ ಡ್ರೈವರು. ‘ಬೆಳಿಗ್ಗೆ ಆರು ಗಂಟೆಗೆ ಬಂದದ್ದು ನಾನು. ಹಡಗು ಬಂತು, ಜನ ಇಳಿಯುದಿಲ್ಲ! ಮಳೆ ನೋಡಿ ಮೇಲೆಯೇ ಕೂತಿದ್ದಾರೆ.’

ಕೆಲವು ಬಸ್ಸು ಅರ್ಧ ಖಾಲಿಯಾಗಿ ಹೊರಟವು. ಬಿಳಿ ತಲೆಯ ಗಂಡ ಹೆಂಡತಿ ಮಾತ್ರ ಒಂದೇ ಕೊಡೆಯಲ್ಲಿ ಹೊರಗೆ ಬಂದು, ಮಳೆಗೆ ಕೈ ಚಾಚಿ ನಕ್ಕು ಫೋಟೋ ತೆಗೆಸ್ಕೊಂಡರು. ಇಡೀ ದಿನದ ಸಿನಿಮಾ ಸೀನ್ ಅಂದ್ರೆ ಅದೊಂದೇ!

ನನ್ನ ಗೆಳೆಯನಿಗೆ ಹನ್ನೊಂದರಿಂದ ಮೂರರವರೆಗೆ ಬಿಡುವು ಅಂತ ಮಾತಾಗಿತ್ತು. ಹನ್ನೊಂದೂವರೆಗೆ ಮೆಸೇಜ್ ಬಂತು: ‘ಮಳೆಗೆ ಯಾರೂ ಇಳಿದಿಲ್ಲ. ಊಟಕ್ಕೆ ಎಲ್ಲ ಇಲ್ಲೇ. ನಮ್ಮ ಬಿಡುವು ಹೋಯ್ತು. ಎರಡರ ಮೇಲೆ ನೋಡ್ತೀನಿ.’

ಆಗ ಲೆಕ್ಕ ಅರ್ಥ ಆಯ್ತು ನೋಡಿ. ಬಿಸಿಲು ಬಿದ್ರೆ ಪ್ರವಾಸಿಗರು ಇಳೀತಾರೆ, ಟ್ಯಾಕ್ಸಿಯವನಿಗೆ ಬಾಡಿಗೆ, ಅಡುಗೆಯವನಿಗೆ ಉಸಿರು. ಮಳೆ ಬಂದ್ರೆ ಅವರು ಮೇಲೇ ಉಳೀತಾರೆ, ಕೆಳಗೆ ಟ್ಯಾಕ್ಸಿಯವನಿಗೆ ಕೆಲಸ ಇಲ್ಲ, ಮೇಲೆ ಅಡುಗೆಯವನಿಗೆ ಕೈತುಂಬ ಕೆಲಸ. ಮಳೆ ಒಂದೇ, ಬೀಳೋದು ಮಾತ್ರ ಒಬ್ಬೊಬ್ಬರ ತಲೆ ಮೇಲೆ ಒಂದೊಂದು ಥರ.

ಎರಡೂ ಇಪ್ಪತ್ತೈದಕ್ಕೆ ಬಂದ. ಓಡಿಕೊಂಡೇ ಬಂದ. ಹಡಗು ನಾಲ್ಕಕ್ಕೆ ಹೊರಡುತ್ತೆ, ಕೆಲಸದವರು ಮೂರಕ್ಕೆಲ್ಲ ಒಳಗಿರಬೇಕು. ಬೆಣ್ಣೆ ವಾಸನೆ, ಕೈಮೇಲೆ ಎರಡು ಸುಟ್ಟ ಗಾಯ. ಹೀರೋ ಎಂಟ್ರಿ ಇಷ್ಟೇ!

‘ಇದನ್ನ ಮೇಲಕ್ಕೆ ಬಿಡಲ್ಲ ಕಣ್ಲಾ,’ ಅಂತ ಡಬ್ಬ ತೆಗೆದು ನಿಂತಲ್ಲೇ ತಿನ್ನೋಕೆ ಶುರು ಮಾಡಿದ. ನಾಲ್ಕು ಮುಗಿಸಿದ. ಉಳಿದದ್ದನ್ನ ಆ ಡ್ರೈವರಿಗೂ ಅಂಗಡಿಯವನಿಗೂ ಹಂಚಿದ. ನಾನು ಕೇಳಿದೆ: ‘ಮದ್ವೆಗೆ ಬರ್ತೀಯಾ, ಇಲ್ವಾ?’

ಮಳೆ ನೋಡ್ತಾ ಹೇಳಿದ: ‘ಕಾಂಟ್ರಾಕ್ಟ್ ಮುಗಿಯೋದು ಏಪ್ರಿಲ್‌ಗೆ. ಮಧ್ಯೆ ಬಿಟ್ಟು ಬಂದ್ರೆ ವಿಮಾನದ ಖರ್ಚು ನನ್ನ ತಲೆಗೆ, ಮತ್ತೆ ಕರೀತಾರೋ ಇಲ್ವೋ. ಮದ್ವೆ ಸಾಲ ತೀರಬೇಕಾದ್ದು ಇದೇ ಸಂಬಳದಲ್ಲಿ. ನಾನು ಬಂದ್ರೆ ದುಡ್ಡಿಲ್ಲ, ದುಡ್ಡು ಬಂದ್ರೆ ನಾನಿಲ್ಲ. ಅವ್ವನಿಗೆ ಹೆಂಗೆ ಹೇಳ್ಲಿ? ನೀನೇ ಹೇಳ್ಬಿಡು ಮಗಾ.’

ಖಾಲಿ ಡಬ್ಬ ನನ್ನ ಕೈಗಿಟ್ಟು ಓಡಿದ. ಮೂರಕ್ಕೆ ಇನ್ನೂ ಹತ್ತು ನಿಮಿಷ ಇತ್ತು, ಆದ್ರೆ ಗೇಟಿನಿಂದ ಹಡಗಿಗೆ ಹೋಗೋ ದಾರಿಯೂ ಇದೆಯಲ್ಲ. ಸೈರನ್ ಕೂಗೋ ಹೊತ್ತಿಗೆ ಮಳೆ ನಿಂತು ಬಿಸಿಲೂ ಬಂತು! ಡ್ರೈವರು ಆಕಾಶ ನೋಡಿ ಬೈದದ್ದನ್ನ ಸಂಪಾದಕರು ಅಚ್ಚು ಮಾಡೋದಿಲ್ಲ.

ಮರುದಿನ ಬೆಳಿಗ್ಗೆ ಬೆಳ್ಳೂರಿನಲ್ಲಿ ಆ ತಾಯಿ ಎದುರು ನಿಂತೆ. ದಾರಿಯುದ್ದಕ್ಕೂ ಡೈಲಾಗ್ ರೆಡಿ ಮಾಡ್ಕೊಂಡಿದ್ದೆ, ಒಂದೂ ಬಾಯಿಗೆ ಬರಲಿಲ್ಲ. ಇದ್ದದ್ದು ಇದ್ದ ಹಾಗೆ ಹೇಳಿದೆ. ಡಬ್ಬದ ಮುಚ್ಚಳ ತೆಗೆದು ನೋಡಿದರು.

‘ತಿಂದ್ನಾ?’

‘ನಾಲ್ಕು ತಿಂದ, ಅವ್ವ.’

ಸ್ವಲ್ಪ ಹೊತ್ತು ಸುಮ್ಮನಿದ್ದು ಎದ್ದರು. ‘ಏಪ್ರಿಲ್ ಅಂದ್ರೆ ಯುಗಾದಿ ಆಸುಪಾಸು. ವೈಶಾಖದಲ್ಲೂ ಮೂರ್ತ ಇರ್ತವೆ. ಬೀಗರ ಮನೆಗೆ ಹೋಗಿ ಕೇಳ್ತೀನಿ. ಹಡಗು ಕಾಯಕಿಲ್ಲ ಅಂದ್ರೆ ಲಗ್ನ ಕಾಯ್ತದೆ ಕಣಪ್ಪ.’

ಅವತ್ತೇ ಹೋದರು. ಬೀಗರು ಒಪ್ಪಿದರು. ನಾವಿಬ್ಬರು ಗಂಡಸರು ಮಳೆಯಲ್ಲಿ ನಿಂತು ದಾರಿಯೇ ಇಲ್ಲ ಅಂದ್ಕೊಂಡದ್ದನ್ನ ಆಯಮ್ಮ ಕೂತಲ್ಲೇ ಬಿಡಿಸಿಬಿಟ್ಟರು!

ಹಡಗಿನ ಕೆಲಸದ ಕನಸು ಕಾಣೋ ತಮ್ಮಂದಿರೇ, ಖಂಡಿತ ಹೋಗಿ. ಆದ್ರೆ ಸಹಿ ಹಾಕೋ ಮುಂಚೆ ಕಾಂಟ್ರಾಕ್ಟ್ ಮುಗಿಯೋ ತಾರೀಖು ನೋಡಿ. ಆ ತಾರೀಖನ್ನ ಮನೆಯ ಕ್ಯಾಲೆಂಡರಿನಲ್ಲಿ ಬರೆದಿಟ್ಟು ಹೋಗಿ. ಫೋನಿನಲ್ಲಿ ಹೂಂ, ಊಹೂಂ ನುಂಗಬೇಡಿ. ಹೇಳಿದ್ರೆ ತಾನೇ ಅವ್ವನಿಗೆ ಗೊತ್ತಾಗೋದು?

ವೈಶಾಖದಲ್ಲಿ ಮದುವೆ ಊಟ ಗ್ಯಾರಂಟಿ. ಮಳೆ ಬಂದ್ರೂ ಸರಿ, ಅವತ್ತು ಹೀರೋ ಊರಲ್ಲೇ ಇರ್ತಾನೆ. ಮುಂದಿನ ವಾರ ಸಿಗೋಣ.