ಅರವತ್ತರಲ್ಲಿ ಹಿಮದ ಜಾರುಬಂಡೆ

ಅರವತ್ತರ ಶಾಂತಿಯನ್ನು ಮಾಡಿಸಿಕೊಂಡವನು ಜಗುಲಿಯ ಕಂಬಕ್ಕೊರಗಿ ಪಂಚಾಂಗವನ್ನು ತಿರುವುತ್ತಿರಬೇಕೆಂಬುದು ನಮ್ಮ ಬಾಣಾವರದ ರೂಢಿ. ನಾವಾದರೋ ಕಳೆದ ಮಾಘಮಾಸದಲ್ಲಿ ಕಾಶ್ಮೀರದ ಗುಲ್ಮಾರ್ಗದಲ್ಲಿ, ಎರಡು ಕಾಲುಗಳನ್ನೂ ಒಂದೇ ಹಲಗೆಗೆ ಬಿಗಿಸಿಕೊಂಡು, ಹಿಮದ ಮೇಲೆ ಅಂಗಾತ ಬಿದ್ದಿದ್ದೆವು. ವಾಚಕಮಹಾಶಯರು ಮೊದಲು ನಕ್ಕುಬಿಡಲಿ. ಅನಂತರ ಮುಂದಿನದನ್ನು ಓದಲಿ.

ಈ ಆಟಕ್ಕೆ ಸ್ನೋಬೋರ್ಡಿಂಗ್ ಎಂದು ಹೆಸರು. ಹಿಮಹಲಗೆಯ ಆಟವೆಂದರೂ ಸಲ್ಲುವುದು. 1965ರಲ್ಲಿ ಅಮೆರಿಕದ ಮಿಚಿಗನ್ ಪ್ರಾಂತದ ಶೆರ್ಮನ್ ಪಾಪೆನ್ ಎಂಬ ಗೃಹಸ್ಥನು ತನ್ನ ಹೆಣ್ಣುಮಕ್ಕಳ ವಿನೋದಕ್ಕೆಂದು, ಹಿಮದಲ್ಲಿ ಜಾರುವ ಸ್ಕೀ ಪಟ್ಟಿಗಳೆರಡನ್ನು ಜೋಡಿಸಿ ಒಂದೇ ಹಲಗೆಯನ್ನಾಗಿ ಮಾಡಿದನು. ಮನೆಯಂಗಳದಲ್ಲಿ ಹುಟ್ಟಿದ ಈ ಆಟವು 1998ರಲ್ಲಿ ಜಪಾನಿನ ನಾಗಾನೋ ಒಲಿಂಪಿಕ್ ಕೂಟದೊಳಕ್ಕೆ ಪ್ರವೇಶಿಸಿತು. ಬಾಲ್ಯದಲ್ಲಿ ನಾವು ತೆಂಗಿನ ಗರಿಯ ಮೇಲೆ ಕುಳಿತು ಕೆರೆಯ ಏರಿಯಿಂದ ಜಾರುತ್ತಿದ್ದೆವು. ಚಡ್ಡಿ ಹರಿದುದಕ್ಕೆ ಏಟು ದೊರೆಯಿತೇ ಹೊರತು ಒಲಿಂಪಿಕ್ ಪದವಿ ದೊರೆಯಲಿಲ್ಲ.

ನಮ್ಮ ಚಿರಂಜೀವಿಯು ರಜೆ ಪಡೆದು ಎಲ್ಲರನ್ನೂ ಕರೆದೊಯ್ದನು. ಶ್ರೀನಗರದಿಂದ ತಂಗಮಾರ್ಗ್, ಅಲ್ಲಿಂದ ಚಕ್ರಗಳಿಗೆ ಸರಪಳಿ ಸುತ್ತಿದ ವಾಹನದಲ್ಲಿ ಹದಿಮೂರು ಕಿಲೋಮೀಟರು ಏರು. ಗುಲ್ಮಾರ್ಗವು ಸಮುದ್ರಮಟ್ಟದಿಂದ ಸುಮಾರು 2,650 ಮೀಟರು ಎತ್ತರದಲ್ಲಿರುವುದು. ಪೂರ್ವದಲ್ಲಿ ಅದಕ್ಕೆ ಗೌರೀಮಾರ್ಗವೆಂಬ ಹೆಸರಿತ್ತೆಂದು ಪ್ರತೀತಿ. ಆ ಎತ್ತರದಲ್ಲಿ ನಾಲ್ಕು ಹೆಜ್ಜೆಗೇ ಉಸಿರು ಬಿಗಿಯುವುದರಿಂದ ಮೊದಲ ದಿನವನ್ನು ಕಂಬಳಿಯೊಳಗೇ ಕಳೆದೆವು.

ಎರಡನೆಯ ದಿನ ಮೊಮ್ಮಗಳಿಗೆ ಪಾಠವಾಗುತ್ತಿದ್ದಾಗ ಚಿರಂಜೀವಿಯು, "ಅಣ್ಣಾ, ನೀವೂ ಒಂದು ಕೈ ನೋಡಿ" ಎಂದನು. ನಮ್ಮ ಮನೆಯವರು, "ಸೊಂಟ ಮುರಿದುಕೊಂಡರೆ ಬಾಣಾವರದವರೆಗೆ ಹೊತ್ತು ತರುವವರು ಯಾರು?" ಎಂದರು. ಹಿಮವು ನಮ್ಮ ನಾಡಿನವರಿಗೆ ಹೇಳಿಸಿದುದಲ್ಲವೆಂದೂ ಸೇರಿಸಿದರು. ಅದಕ್ಕೆ ಅವನು ಕೊಡಗಿನ ತೆಕ್ಕಡ ಭವಾನಿಯವರ ಉದಾಹರಣೆಯನ್ನು ಕೊಟ್ಟನು. ಹಿಮವೇ ಬೀಳದ ಜಿಲ್ಲೆಯಲ್ಲಿ ಬೆಳೆದು, ಪರ್ವತಾರೋಹಣದ ದಾರಿಯಿಂದ ಸ್ಕೀ ಪಟ್ಟಿಗಳಿಗೆ ಬಂದ ಆ ತರುಣಿಯು 2023ರಲ್ಲಿ ಸ್ಲೊವೇನಿಯಾದ ಪ್ಲಾನಿಟ್ಸದಲ್ಲಿ ನಡೆದ ವಿಶ್ವಸ್ಪರ್ಧೆಯಲ್ಲಿ ಭಾರತದ ಪರವಾಗಿ ಓಡಿದವರು. "ಆಕೆಗೆ ಅರವತ್ತಾಗಿರಲಿಲ್ಲ" ಎಂದು ನಮ್ಮ ಮನೆಯವರು ಉತ್ತರಕೊಟ್ಟರು. ಮಾತು ನ್ಯಾಯವೇ, ಆದರೂ ಅಷ್ಟರಲ್ಲಿ ನಾವು ಬಾಡಿಗೆಯ ಬೂಟುಗಳನ್ನು ಮೆಟ್ಟಿದ್ದೆವು.

ಕಲಿಸುವವನು ಇಪ್ಪತ್ತೈದರ ಆಸುಪಾಸಿನ ಕಾಶ್ಮೀರಿ ತರುಣ. ನಮ್ಮ ಹಿಂದಿಯಲ್ಲಿ ಮುಕ್ಕಾಲುಪಾಲು ಸಂಸ್ಕೃತ. ಅವನದರಲ್ಲಿ ಮುಕ್ಕಾಲುಪಾಲು ಉರ್ದು. ಏನನ್ನೂ ವಿವರಿಸದೆ ಹಿಂದಿನಿಂದ ಬಂದು ನಮ್ಮ ಬೆನ್ನನ್ನು ಮೆಲ್ಲನೆ ನೂಕಿದನು. ಮುಗ್ಗರಿಸುತ್ತ ನಾವು ಎಡಗಾಲನ್ನು ಮುಂದಿಟ್ಟೆವು. "ಆಯಿತು ಚಾಚಾಜೀ, ನಿಮಗೆ ಎಡಗಾಲು ಮುಂದು" ಎಂದನು. ಹಲಗೆಯ ಮೇಲೆ ಯಾವ ಕಾಲು ಮುಂದಿರಬೇಕೆಂಬುದನ್ನು ಹೀಗೆ ದೇಹವನ್ನೇ ಕೇಳಿ ತಿಳಿಯುವರಂತೆ. ಮೂವತ್ತೈದು ವರ್ಷ ಪಾಠ ಹೇಳಿದ ನಮಗೆ ಈ ಪರೀಕ್ಷಾವಿಧಾನವು ಹೊಸದು.

ಮೊದಲು ಒಂದೇ ಕಾಲನ್ನು ಕಟ್ಟಿಕೊಂಡು ಸಮತಟ್ಟಿನಲ್ಲಿ ಎಳೆದಾಡುವುದು. ಬಳಿಕ ಎರಡನ್ನೂ ಕಟ್ಟುವುದು. ಬೀಳುವುದಕ್ಕಿಂತಲೂ ಏಳುವುದು ಕಷ್ಟ; ಕಟ್ಟಿದ ಕಾಲುಗಳಲ್ಲಿ ಕುಳಿತವನು ಮಗುಚಿ, ಮಂಡಿಯೂರಿ, ಕೈಕೊಟ್ಟು ಏಳಬೇಕು. ಬೀಳುವಾಗಲೂ ಒಂದು ಕ್ರಮವುಂಟು: ಅಂಗೈಯನ್ನು ಚಾಚಿದರೆ ಮಣಿಕಟ್ಟು ಮುರಿಯುವ ಭಯವಿರುವುದರಿಂದ ಮುಷ್ಟಿಯನ್ನು ಬಿಗಿಹಿಡಿದು ಮುಂದೋಳಿನ ಮೇಲೆ ಭಾರ ಬೀಳಿಸಬೇಕು. ಎದ್ದ ಮೇಲೆ ಹಲಗೆಯನ್ನು ಇಳಿಜಾರಿಗೆ ಅಡ್ಡಲಾಗಿಟ್ಟು, ಕಣಿವೆಗೆ ಮುಖಮಾಡಿ, ಹಿಮ್ಮಡಿಯ ಕಡೆಯ ಅಂಚನ್ನು ಹಿಮಕ್ಕೆ ಊರಿ ನಿಲ್ಲಬೇಕು. ಆ ಅಂಚನ್ನು ಕೊಂಚ ಸಡಿಲಿಸಿದರೆ ಹಲಗೆ ಮೆಲ್ಲನೆ ಜಾರುವುದು. ಪೂರ್ತಿ ಸಡಿಲಿಸಿದರೆ ಕೆಳಗಿನ ಅಂಚು ಹಿಮಕ್ಕೆ ಸಿಕ್ಕಿ ಮುಖವಡಿಯಾಗಿ ಎಸೆಯುವುದು. ನಾವು ಎರಡು ಬಗೆಯಲ್ಲಿಯೂ ಬಿದ್ದೆವು. ಹನ್ನೊಂದರವರೆಗೆ ಎಣಿಸಿ ಬಿಟ್ಟೆವು. ಮೊಮ್ಮಗಳು ಅಷ್ಟರಲ್ಲಿ ಆಚೆಯ ದಿಬ್ಬವನ್ನಿಳಿದು ಮರಳಿ ಬಂದಿದ್ದಳು.

ಬೀಳುವುದೇಕೆಂಬುದನ್ನು ಆ ತರುಣನು ಕಂಡುಹಿಡಿದನು. ನಾವು ಬೀಳುವೆವೆಂಬ ಭಯದಿಂದ ಕಾಲುಗಳನ್ನೇ ನೋಡುತ್ತಿದ್ದೆವು. ತಲೆ ಬಾಗಿದೊಡನೆ ಸೊಂಟ ಹಿಂದಕ್ಕೆ ಹೋಗುತ್ತಿತ್ತು. ಸೊಂಟ ಹೋದೊಡನೆ ನಾವೂ ಹೋಗುತ್ತಿದ್ದೆವು. ಅವನು "ಹೆದರಬೇಡಿ" ಎಂದು ಒಮ್ಮೆಯೂ ಹೇಳಲಿಲ್ಲ. ಕೆಳಗಿನ ಒಂದು ಫರ್ ಮರವನ್ನು ತೋರಿಸಿ, "ಅದರ ಕೊಂಬೆಯ ಮೇಲೆ ಕಾಗೆ ಇದೆಯೇ, ನೋಡಿ ಹೇಳಿ" ಎಂದನು. ಕಾಗೆಯನ್ನು ಹುಡುಕುತ್ತ ನಾವು ಮೂವತ್ತು ಗಜದಷ್ಟು ನಿಂತೇ ಜಾರಿದ್ದೆವು. ಕಾಗೆ ಇರಲಿಲ್ಲ.

ಅಲ್ಲಿಯೇ ಕುಳಿತುಬಿಟ್ಟೆವು. ಮೊಮ್ಮಗಳು ಕೈ ತಟ್ಟುತ್ತಿದ್ದರೂ ನಮ್ಮ ಮನಸ್ಸು ಬಾಣಾವರದ ಒಂದು ತರಗತಿಗೆ ಹೋಗಿದ್ದಿತು. ಒಬ್ಬ ಹುಡುಗನಿದ್ದನು. ಮನೆಯ ಜಗುಲಿಯಲ್ಲಿ ರಾಮಶಬ್ದವನ್ನು ಏಳು ವಿಭಕ್ತಿಗಳಲ್ಲಿಯೂ ತಡವರಿಸದೆ ಹೇಳುವನೆಂದು ಅವನ ತಾಯಿ ಹೇಳುತ್ತಿದ್ದಳು. ನಮ್ಮೆದುರಿಗೆ ನಿಂತರೆ ತೃತೀಯೆಯಲ್ಲಿಯೇ ನಾಲಗೆ ಕಟ್ಟುತ್ತಿತ್ತು. "ಹೆದರಬೇಡವೋ" ಎಂದು ನಾವು ಗದರಿಸುತ್ತಿದ್ದೆವು! ಗದರಿಸಿ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದೆವು. ಒಂದು ವರ್ಷವೆಲ್ಲಾ ನಿಂತನು. ಮುಂದಿನ ವರ್ಷ ಸಂಸ್ಕೃತವನ್ನು ಬಿಟ್ಟನು. ಅದರ ಮರುವರ್ಷ ಶಾಲೆಯನ್ನೇ ಬಿಟ್ಟನು. ಬುದ್ಧಿ ಸಾಲದೆಂದು ನಾವು ಅವನ ತಂದೆಗೆ ಹೇಳಿ ಕಳುಹಿಸಿದುದುಂಟು. ಅವನ ಬುದ್ಧಿಯಲ್ಲಿ ಕೊರತೆಯಿರಲಿಲ್ಲವೆಂಬುದು ಈಗ ನಮಗೆ ಸ್ಪಷ್ಟವಾಗಿದೆ. ಅವನಿಗೆ ನೋಡಲು ನಮ್ಮ ಮುಖದ ಹೊರತು ಬೇರೊಂದನ್ನು ನಾವು ಕೊಟ್ಟಿರಲಿಲ್ಲ.

ಮೂರನೆಯ ದಿನ ಮತ್ತೆ ಹಲಗೆಯನ್ನು ಕಟ್ಟಿ, ಎಡಕ್ಕೂ ಬಲಕ್ಕೂ ತರಗೆಲೆಯಂತೆ ತೇಲುತ್ತ ಇಳಿಯುವುದನ್ನು ಕಲಿತೆವು. ತಿರುಗುವುದು ಮಾತ್ರ ಬರಲಿಲ್ಲ. ಮೈಯೆಲ್ಲಾ ನೀಲಿಗಟ್ಟಿತ್ತು, ನಮ್ಮ ಮನೆಯವರು ಮಾತಿಲ್ಲದೆ ಬಿಸಿನೀರಿನ ಶಾಖ ಕೊಟ್ಟರು. ಆ ಮೌನವು ಬೈಗುಳಕ್ಕಿಂತ ಭಾರವಾಗಿದ್ದಿತು.

ಊರಿಗೆ ಬಂದ ಮೇಲೆ ಒಂದು ಸಂಜೆ ಅವನ ಅಂಗಡಿಗೆ ಹೋದೆವು. ಆ ಹುಡುಗನು ಈಗ ಕೊಬ್ಬರಿಯ ವ್ಯಾಪಾರಿ. ತಲೆಯಲ್ಲಿ ಅರ್ಧ ನರೆ. ನಮ್ಮನ್ನು ಕಂಡೊಡನೆ ಎದ್ದು ನಿಂತು, ತನ್ನ ಗಾದಿಯಲ್ಲಿಯೇ ಕುಳ್ಳಿರಿಸಿದನು. ಹೇಳಬೇಕೆಂದು ಹೋದ ಮಾತು ಬಾಯಿಗೆ ಬಾರದೆ, ಹಿಮದ ಕಥೆಯನ್ನೇ ಹೇಳತೊಡಗಿದೆವು. ಬಿದ್ದುದು, ಎದ್ದುದು, ಕಾಗೆಯನ್ನು ಹುಡುಕಿದುದು. ಅವನು ಕೊಬ್ಬರಿ ಆರಿಸುವುದನ್ನು ನಿಲ್ಲಿಸಿ ಕೊನೆಯವರೆಗೂ ಕೇಳಿದನು. ಬಳಿಕ ಮೆಲ್ಲನೆ, "ಅಷ್ಟು ಸಾರಿ ತಪ್ಪಿದರೂ ಅವರು ತಮ್ಮನ್ನು ಬೆಂಚಿನ ಮೇಲೆ ನಿಲ್ಲಿಸಲಿಲ್ಲವೇ, ಗುರುಗಳೇ?" ಎಂದನು.

"ಇಲ್ಲಪ್ಪಾ" ಎಂದೆವು. ಅವನು ಕಾಫಿ ತರಲು ಹುಡುಗನನ್ನು ಕಳುಹಿಸಿದನು.