ಹಳೇ ಕಾರಿಗೆ ಬೇಕಾದ್ದು ಕಣ್ಣೀರಲ್ಲ, ಸ್ಪ್ಯಾನರು

ಕಳೆದ ದೀಪಾವಳಿಗೆ ಊರಿಗೆ ಹೋದಾಗ ಒಂದು ಫೋಟೋ ತೆಗೆದು ಆಫೀಸಿನ ಗ್ರೂಪಿಗೆ ಹಾಕಿದೆ. ಹಿಂದೆ ಸಿಗಂದೂರಿನ ಹೊಸ ಸೇತುವೆ, ಮುಂದೆ ಅಪ್ಪನ 1986ರ ಪ್ರೀಮಿಯರ್ ಪದ್ಮಿನಿ. ‘ಆ ಕಾಲವೇ ಚೆಂದ ಗುರೂ!’ ಅಂತ ಒಬ್ಬ. ‘ಸೇತುವೆ ಬದಲು ಲಾಂಚ್ ಮೇಲೆ ನಿಲ್ಲಿಸಿದ್ರೆ ಇನ್ನೂ ಸೂಪರ್’ ಅಂತ ಇನ್ನೊಬ್ಬಳು. ನನಗೆ ರೇಗಿಹೋಯ್ತು.

ಲಾಂಚ್ ಚೆಂದ ಅನ್ನೋರು ಅದನ್ನ ವರ್ಷಕ್ಕೊಂದು ಸಲ ಹತ್ತಿದೋರು. ನಾವು ತುಮರಿ ಕಡೆಯವರು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಆಯ್ತು, ಶರಾವತಿ ಹಿನ್ನೀರು ಊರೂರನ್ನೇ ನುಂಗ್ತು. ನಾಡಿಗೆ ಕರೆಂಟ್ ಕೊಡೋಕೆ ಮುಳುಗಿದ ಸೀಮೆಗೆ 2.44 ಕಿಲೋಮೀಟರ್ ಸೇತುವೆ ಸಿಕ್ಕಿದ್ದು 2025ರ ಜುಲೈ 14ಕ್ಕೆ. ಅಲ್ಲಿವರೆಗೆ ನಡುರಾತ್ರಿ ಹೆರಿಗೆನೋವು ಬಂದ್ರೆ ಒಂದೋ ಬೆಳಗಿನ ಲಾಂಚ್‌ಗೆ ಕಾಯಬೇಕು, ಇಲ್ಲಾ ನಿಟ್ಟೂರು, ಹೊಸನಗರದ ಮೇಲೆ ಸುತ್ತು ಹಾಕಿ ಸಾಗರ ಸೇರಬೇಕು. ಅದನ್ನ ನೆನೆದು ನಾನು ನಿಟ್ಟುಸಿರು ಬಿಡಲ್ಲ. ಹಳೇದು ಅನ್ನೋ ಒಂದೇ ಕಾರಣಕ್ಕೆ ಯಾವುದೂ ಚೆಂದ ಆಗಲ್ಲ.

ಹಾಗಾದ್ರೆ ಪದ್ಮಿನಿ ಯಾಕೆ? ಬಾನೆಟ್ ಎತ್ತಿದರೆ ಒಳಗೆ ನಡೆಯೋದು ನನಗೆ ಅರ್ಥ ಆಗುತ್ತೆ, ಅದಕ್ಕೆ. 1089 ಸಿಸಿ ಇಂಜಿನ್, ಒಂದು ಕಾರ್ಬುರೇಟರ್, ಒಂದು ಡಿಸ್ಟ್ರಿಬ್ಯೂಟರ್. ಗಾಡಿ ನಿಂತರೆ ಮೊದಲು ಕೇಳಬೇಕಾದ್ದು ಎರಡೇ ಪ್ರಶ್ನೆ: ಪೆಟ್ರೋಲ್ ಬರ್ತಿದೆಯಾ? ಕಿಡಿ ಬರ್ತಿದೆಯಾ? ಬೇಸಿಗೆಯಲ್ಲಿ ಕುಂದಾಪುರದಿಂದ ಹುಲಿಕಲ್ ಘಾಟಿ ಹತ್ತುವಾಗ ಪಂಪಿನೊಳಗೆ ಪೆಟ್ರೋಲ್ ಆವಿಯಾಗಿ ಇಂಜಿನ್ ಆಫ್ ಆಗೋದು. ಅಪ್ಪ ಪಂಪಿನ ಮೇಲೆ ಒದ್ದೆ ಬಟ್ಟೆ ಸುತ್ತಿ, ಎಲೆ ಅಡಿಕೆ ಹಾಕ್ಕೊಂಡು ಕೂತಿರ್ತಿದ್ರು. ಕವಳ ಮುಗಿಯೋ ಹೊತ್ತಿಗೆ ಗಾಡಿ ಸ್ಟಾರ್ಟ್. ಮಳೆಗಾಲದಲ್ಲಿ ನಿಂತರೆ ಡಿಸ್ಟ್ರಿಬ್ಯೂಟರ್ ಕ್ಯಾಪ್ ಬಿಚ್ಚಿ ಒಣಬಟ್ಟೇಲಿ ಒರೆಸೋದು. ಅದು ನನ್ನ ಕೆಲಸ. ಆಗ ನನಗೆ ಹನ್ನೆರಡು ವರ್ಷ.

ಹೊಸ ಕಾರೂ ಇದೆ ಸ್ವಾಮೀ. ಹೆಂಡತಿ, ಮಗಳನ್ನ ಹೈವೇಲಿ ಕರ್ಕೊಂಡು ಹೋಗೋದು ಅದರಲ್ಲೇ. ಪದ್ಮಿನಿಗೆ ಏರ್‌ಬ್ಯಾಗೂ ಇಲ್ಲ, ಎಬಿಎಸ್ಸೂ ಇಲ್ಲ. ಆದ್ರೆ ಹೋದ ವರ್ಷ ಆನಂದಪುರದ ಹತ್ತಿರ ಆ ಹೊಸ ಕಾರಲ್ಲಿ ಒಂದು ಹಳದಿ ದೀಪ ಹೊತ್ತಿಕೊಂಡಿತು. ಗಾಡಿ ಇಪ್ಪತ್ತರ ಮೇಲೆ ಓಡಲೊಲ್ಲದು. ಎಳೆದುಕೊಂಡು ಹೋದೋರು ಲ್ಯಾಪ್‌ಟಾಪ್ ಚುಚ್ಚಿ ನೋಡಿ, ‘ಪೂರ್ತಿ ಯೂನಿಟ್ಟೇ ಬದಲಿಸಬೇಕು ಸಾರ್’ ಅಂದ್ರು. ಒಳಗೆ ಏನು ಕೆಟ್ಟಿದೆ ಅಂತ ಕೇಳಿದ್ರೆ ಅವರಿಗೂ ಗೊತ್ತಿಲ್ಲ. ಇಎಂಐ ಕಟ್ಟೋನು ನಾನು. ಆದ್ರೆ ಅದನ್ನ ಬಿಚ್ಚೋ ಹಕ್ಕು ನನಗಿಲ್ಲ, ಬಿಚ್ಚಿದರೂ ತಿಳಿಯೋದಿಲ್ಲ. ಇದಕ್ಕೆ ಒಡೆತನ ಅಂತಾರಾ?

ಇನ್ನು ಸರ್ಕಾರದ ಲೆಕ್ಕ ನೋಡಿ. 2021ರಲ್ಲಿ ಪದ್ಮಿನಿಯ ನೋಂದಣಿ ನವೀಕರಣಕ್ಕೆ ಕೇಂದ್ರದ ನಿಯಮದ ಶುಲ್ಕ 600 ರೂಪಾಯಿ ಇತ್ತು. 2022ರ ಏಪ್ರಿಲ್‌ನಿಂದ ಅದು 5,000 ಆಯ್ತು. 2025ರ ಆಗಸ್ಟ್‌ನಲ್ಲಿ, ಇಪ್ಪತ್ತು ವರ್ಷ ದಾಟಿದ ಕಾರಿಗೆ 10,000 ಮಾಡಿದ್ರು. ಐವತ್ತು ವರ್ಷ ದಾಟಿ ‘ವಿಂಟೇಜ್’ ಅಂತ ನೋಂದಾಯಿಸಿಕೊಂಡರೆ ಮೊದಲ ಸಲಕ್ಕೆ 20,000. ಆಮೇಲೆ ಅದನ್ನ ದಿನಬಳಕೆಗೆ ರಸ್ತೆಗೆ ತರೋ ಹಾಗೂ ಇಲ್ಲ. ಅಂದ್ರೆ ಕಾರಿಗೆ ವಯಸ್ಸಾದರೆ ಎರಡೇ ದಾರಿ: ಗುಜರಿಗೆ ಹೋಗು, ಇಲ್ಲಾ ಷೋಕೇಸಿಗೆ ಹೋಗು. ಧರ್ಮಸ್ಥಳದ ಮಂಜೂಷಾ ಮ್ಯೂಸಿಯಂನಲ್ಲಿ ಸಾಲಾಗಿ ನಿಂತ ಹಳೇ ಕಾರುಗಳನ್ನ ಕಣ್ತುಂಬ ನೋಡಿದೋನು ನಾನು. ಮ್ಯೂಸಿಯಂ ಬೇಕು. ಆದ್ರೆ ಓಡೋ ಗಾಡಿಗೆ ಅದೊಂದೇ ಗತಿ ಆಗಬಾರದು.

‘ಹೊಗೆ?’ ಅಂತ ಕೇಳ್ತೀರಿ. ನ್ಯಾಯವಾದ ಪ್ರಶ್ನೆ. ಕೆಟಲಿಟಿಕ್ ಕನ್ವರ್ಟರ್ ಇಲ್ಲದ ಇಂಜಿನ್ ಹೊಸ ಕಾರಿಗಿಂತ ಕೊಳಕು ಹೊಗೆ ಬಿಡುತ್ತೆ, ವಾದವೇ ಇಲ್ಲ. ಹಾಗಾದ್ರೆ ಹೊಗೆಯನ್ನ ಅಳೀರಿ, ವರ್ಷಕ್ಕೆ ಎಷ್ಟು ಓಡ್ತು ಅಂತ ನೋಡಿ, ಅದಕ್ಕೆ ದುಡ್ಡು ಹಾಕಿ. ಹಬ್ಬಕ್ಕೂ ಮದುವೆಗೂ ಮಾತ್ರ ಹೊರಡೋ ಕಾರಿಗೂ, ದಿನಾ ಇನ್ನೂರು ಕಿಲೋಮೀಟರ್ ಓಡೋ ಟ್ಯಾಕ್ಸಿಗೂ ಹುಟ್ಟಿದ ವರ್ಷ ನೋಡಿ ತೀರ್ಪು ಕೊಡಬೇಡಿ.

ನಿಮ್ಮಲ್ಲೂ ಎಷ್ಟೋ ಜನರ ಊರಿನ ಕೊಟ್ಟಿಗೆಯಲ್ಲಿ, ಅಡಿಕೆ ಸಿಪ್ಪೆ ಚೀಲದ ಹಿಂದೆ, ಅಜ್ಜನ ಜೀಪೋ ಫಿಯಟ್ಟೋ ನಿಂತಿರಬಹುದು. ಅದರ ಧೂಳಿನ ಮೇಲೆ ಬೆರಳಾಡಿಸಿ ರೀಲ್ಸ್ ಮಾಡಬೇಡಿ. ತೋಳು ಮಡಚಿ ಬಾನೆಟ್ ಎತ್ತಿ. ಬೇಗ ಎತ್ತಿ. ಯಾಕಂದ್ರೆ ಸಾಗರದಲ್ಲಿ ನಮ್ಮ ಕಾರ್ಬುರೇಟರ್ ಬಿಚ್ಚಿ ಕೂರಿಸೋ ಮೇಸ್ತ್ರಿಗೆ ಎಪ್ಪತ್ತಾಯ್ತು. ‘ಹುಡುಗ್ರು ಯಾರೂ ಕಲಿಯಕ್ಕೆ ಬರಲ್ಲ ಮಾರಾಯಾ. ನೀನಾದ್ರೂ ಕೂತ್ಕೊಂಡು ನೋಡು’ ಅಂದ್ರು ಮೊನ್ನೆ.

2026ಕ್ಕೆ ಪದ್ಮಿನಿಯ ನೋಂದಣಿ ಮುಗಿಯುತ್ತೆ. ಹತ್ತು ಸಾವಿರ ಕಟ್ತೀನಿ, ಬೈಕೊಂಡೇ ಕಟ್ತೀನಿ. ಸೇತುವೆ ಮೇಲೆ ಸಿಗಂದೂರಿಗೂ ಹೋಗ್ತೀನಿ. ಮಗಳಿಗೆ ಬರೋ ವರ್ಷ ಹನ್ನೆರಡು ತುಂಬುತ್ತೆ. ಒಣಬಟ್ಟೆ ಅವಳ ಕೈಗೆ.