ಬೀದಿಯೂ ಬಯಲೂ

ಕೊಡುಕೊಳ್ಳುವ ಕೆಲಸವಿದ್ದಾಗ ನಾವು ಹೋಗುವ ಬೀದಿಗಳು ಕೆಲವು. ಯಾವ ಕೆಲಸವೂ ಇಲ್ಲದಾಗ ಕಾಲು ತಾನಾಗಿ ನಮ್ಮನ್ನು ಕರೆದೊಯ್ಯುವ ಬೀದಿಗಳು ಕೆಲವು. ಬೆಂಗಳೂರಿನ ಅಕ್ಕಿಪೇಟೆ, ಬಳೇಪೇಟೆ, ತರಗುಪೇಟೆಗಳು ಮೊದಲನೆಯ ಬಗೆಯವು. ಹೆಸರೇ ಅವುಗಳ ಕಸುಬನ್ನು ಸಾರುತ್ತದೆ. ಎರಡನೆಯ ಬಗೆಗೆ ಈ ನಗರದಲ್ಲಿ ಬಹುಕಾಲದಿಂದ ಹೆಸರಾದುದು ಮಹಾತ್ಮಾ ಗಾಂಧಿ ರಸ್ತೆ.

ಈ ರಸ್ತೆ ಜನರ ವಿಹಾರಕ್ಕೆಂದು ಹುಟ್ಟಿದುದಲ್ಲ. 1809ರಲ್ಲಿ ಬ್ರಿಟಿಷರು ಇಲ್ಲಿ ದಂಡನ್ನು ನೆಲೆಗೊಳಿಸಿದರು. ಸಿಪಾಯಿಗಳ ಕವಾಯತಿಗಾಗಿ ವಿಶಾಲವಾದ ಮೈದಾನವೊಂದು ಏರ್ಪಟ್ಟಿತು. ಅದರ ದಕ್ಷಿಣದ ಅಂಚಿನಲ್ಲಿ ಹಾಯ್ದ ದಾರಿಗೆ ಸೌತ್ ಪೆರೇಡ್ ಎಂಬ ಹೆಸರು ಬಂದಿತು. ದಾರಿಯ ಒಂದು ಬದಿಯಲ್ಲಿ ಅಂಗಡಿಗಳೂ ಬಂಗಲೆಗಳೂ ಎದ್ದವು. ಮತ್ತೊಂದು ಬದಿಯಲ್ಲಿ, ಮೈದಾನವಿರುವಷ್ಟು ದೂರವೂ, ಬಯಲು ಬಯಲಾಗಿಯೇ ಉಳಿಯಿತು. ಈ ಬೀದಿಯ ಆಕರ್ಷಣೆಯ ಗುಟ್ಟೆಲ್ಲ ಇಲ್ಲಿಯೇ ಇದೆಯೆಂದು ನಮ್ಮ ಭಾವನೆ. ಎರಡು ಬದಿಯೂ ಕಟ್ಟಡಗಳು ಒತ್ತಿ ನಿಂತಲ್ಲಿ ಆಕಾಶವು ಕಿರಿದಾದ ಪಟ್ಟಿಯಾಗಿಬಿಡುತ್ತದೆ. ಒಂದು ಬದಿ ತೆರೆದಿದ್ದರೆ ಗಾಳಿಗೂ ಬೆಳಕಿಗೂ ಮನಸ್ಸಿಗೂ ಎಡೆ ದೊರೆಯುತ್ತದೆ. ಮುಂದೆ ಆ ಬದಿಯಲ್ಲಿ ಮರಗಳು ಬೆಳೆದು, ಅವುಗಳ ಕೆಳಗೆ ನಡೆದಾಡುವ ಹಾದಿಯಾಗಿ, ಯುದ್ಧಾಭ್ಯಾಸದ ನೆಲದ ಅಂಚು ಶಾಂತಿಯ ತಾಣವಾಯಿತು.

ಆದರೆ ಆ ಶಾಂತಿ ಎಲ್ಲರದೂ ಆಗಿರಲಿಲ್ಲ. 1881ರಲ್ಲಿ ಮೈಸೂರು ಸಂಸ್ಥಾನವು ಒಡೆಯರ ಕೈಗೆ ಮರಳಿದಾಗಲೂ ದಂಡುಪ್ರದೇಶವು ಬ್ರಿಟಿಷರ ಆಡಳಿತದಲ್ಲಿಯೇ ಉಳಿಯಿತು. ಅದು ಮರಳಿ ಬಂದುದು 1947ರಲ್ಲಿ. ಪೇಟೆಯವರಿಗೂ ದಂಡಿನವರಿಗೂ ನಡುವೆ ಕಬ್ಬನ್ ಉದ್ಯಾನವಷ್ಟೇ ಅಲ್ಲ, ಒಂದು ಭಾಷೆಯೂ ಒಂದು ದರ್ಪವೂ ಅಡ್ಡವಾಗಿದ್ದವು. ಉದ್ಯಾನವು ಮುಗಿದು ಬೀದಿ ಮೊದಲಾಗುವ ಎಡೆಯಲ್ಲಿ 1906ರಿಂದ ನಿಂತಿರುವ ವಿಕ್ಟೋರಿಯಾ ರಾಣಿಯ ಪ್ರತಿಮೆ ಆ ಕಾಲವನ್ನು ಇಂದಿಗೂ ನೆನಪಿಸುತ್ತದೆ.

1948ರಲ್ಲಿ ಸೌತ್ ಪೆರೇಡ್ ಮಹಾತ್ಮಾ ಗಾಂಧಿ ರಸ್ತೆಯಾಯಿತು. ಅದೇ ವರ್ಷ ಇದೇ ಬೀದಿಯಿಂದ 'ಪ್ರಜಾವಾಣಿ' ಹೊರಡತೊಡಗಿತು. ಸೈನ್ಯದ ಕಹಳೆ ಕೇಳುತ್ತಿದ್ದೆಡೆಯಲ್ಲಿ ಕನ್ನಡದ ಅಚ್ಚಿನ ಮೊಳೆಗಳು ಮಾತನಾಡಿದುದು, ಹೆಸರಿನ ಬದಲಾವಣೆಗಿಂತ ಕಡಿಮೆಯ ಸಂಗತಿಯಲ್ಲ. 1949ರಲ್ಲಿ ಪೇಟೆ ಮತ್ತು ದಂಡು ಒಂದೇ ನಗರಸಭೆಯ ಕೆಳಗೆ ಬಂದವು.

ಕಾಗದದ ಮೇಲೆ ಒಂದಾದುದು ಮನಸ್ಸಿನಲ್ಲಿ ಒಂದಾಗಲು ಕಾಲ ಹಿಡಿಯಿತು. ಈ ಶತಮಾನದ ಮೊದಲ ವರ್ಷಗಳಲ್ಲಿ ವಿದ್ಯಾರ್ಥಿಗಳಾಗಿದ್ದ ನಾವು ಬಸವನಗುಡಿಯ ಕಡೆಯಿಂದ ಇಲ್ಲಿಗೆ ಬರುತ್ತಿದ್ದೆವು. ಕಾಫಿ ಹೌಸಿನಲ್ಲಿ ಒಂದು ಬಟ್ಟಲು ಕಾಫಿಗೆ ಆಗುವಷ್ಟು ಹಣ ಜೇಬಿನಲ್ಲಿರುತ್ತಿತ್ತು. ಅಂಗಡಿಗಳ ಗಾಜಿನ ಬಾಗಿಲನ್ನು ತಳ್ಳಲು ಕೈ ಹಿಂಜರಿಯುತ್ತಿತ್ತು. ಒಳಗೆ ಕನ್ನಡದಲ್ಲಿ ಕೇಳಿದರೆ ಉತ್ತರ ಬಂದೀತೆಂಬ ಭರವಸೆಯಿರಲಿಲ್ಲ. ಆದರೆ ಎದುರು ಬದಿಯ ಮರದ ನೆರಳಿಗೆ ಯಾರ ಅಪ್ಪಣೆಯೂ ಬೇಕಿರಲಿಲ್ಲ. ಅಲ್ಲಿ ಕುಳಿತು ಪಂಪನನ್ನೂ ಬೇಂದ್ರೆಯವರನ್ನೂ ಕುರಿತು ಗಂಟೆಗಟ್ಟಲೆ ವಾದಿಸಿದ್ದೇವೆ. ಈ ಬೀದಿ ನಮ್ಮದೆನಿಸಿದ್ದು ಆ ನೆರಳಿನಿಂದ, ನಾಮಫಲಕದಿಂದಲ್ಲ.

ಆ ಹಾದಿಯೂ ಅದರ ಮರಗಳೂ ಮೆಟ್ರೋ ರೈಲಿನ ಕಾಮಗಾರಿಗೆ ಎರವಾದವು. 1936ರ ಪ್ಲಾಜಾ ಚಿತ್ರಮಂದಿರ ಇಂದಿಲ್ಲ. ಕಾಫಿ ಹೌಸ್ 2009ರಲ್ಲಿ ಚರ್ಚ್ ಸ್ಟ್ರೀಟಿಗೆ ಹೋಯಿತು. 2011ರ ಅಕ್ಟೋಬರ್ 20ರಂದು ನಗರದ ಮೊದಲ ಮೆಟ್ರೋ ಈ ರಸ್ತೆಗೂ ಬೈಯಪ್ಪನಹಳ್ಳಿಗೂ ನಡುವೆ ಓಡಿತು. ರೈಲನ್ನು ಹಳಿಯುವುದು ನ್ಯಾಯವಲ್ಲ. ದೂರದ ಬಡಾವಣೆಯ ಬಡವನನ್ನು ಇಲ್ಲಿಗೆ ಕರೆತರುವ ವಾಹನ, ನಗರವನ್ನು ಒಂದುಗೂಡಿಸುವ ಕೆಲಸವನ್ನೇ ಮಾಡುತ್ತಿದೆ. ಮೇಲುಸೇತುವೆಯ ಕೆಳಗೆ 2013ರಲ್ಲಿ ತೆರೆದ 'ರಂಗೋಲಿ' ಕಲಾಕೇಂದ್ರವೂ ಮೆಚ್ಚತಕ್ಕದ್ದೇ. ಆದರೆ ಬಂದಿಳಿದವನು ಏನನ್ನೂ ಕೊಳ್ಳದೆ ಎಲ್ಲಿ ನಿಲ್ಲಬೇಕು, ಎಲ್ಲಿ ಕೂರಬೇಕು, ಎಂಬ ಪ್ರಶ್ನೆ ಉಳಿದೇ ಇದೆ.

ಸಾಲುಮರ ನೆಡಿಸಿ ಅರವಟ್ಟಿಗೆ ಇಡುವುದನ್ನು ಪುಣ್ಯಕಾರ್ಯವೆಂದು ಎಣಿಸಿದ ನಾಡು ನಮ್ಮದು. ಮಾಗಡಿ ತಾಲ್ಲೂಕಿನ ತಿಮ್ಮಕ್ಕನವರು ಹುಲಿಕಲ್ಲಿನಿಂದ ಕುದೂರಿನವರೆಗಿನ ದಾರಿಗೆ ಆಲದ ಸಾಲನ್ನು ಕೊಟ್ಟು 'ಸಾಲುಮರದ ತಿಮ್ಮಕ್ಕ'ನೆಂದೇ ಹೆಸರಾದರು. ಒಬ್ಬ ಗ್ರಾಮೀಣ ಮಹಿಳೆಯಿಂದ ಸಾಧ್ಯವಾದುದು ಇಷ್ಟು ದೊಡ್ಡ ನಗರದಿಂದ ಆಗಲಾರದೆ? ಹೆಸರನ್ನು ಬದಲಿಸಲು ಒಂದು ಠರಾವು ಸಾಕು. ನೆರಳನ್ನು ಬೆಳೆಸಲು ಒಂದು ತಲೆಮಾರೇ ಬೇಕು. ಈ ರಸ್ತೆಯ ಉದ್ದಕ್ಕೂ ಅಗಲವಾದ ಕಾಲುಹಾದಿ, ಮರಗಳ ಹೊಸ ಸಾಲು, ಕೂರಲು ಕಲ್ಲುಬೆಂಚು, ಇಷ್ಟನ್ನು ಅಧಿಕಾರಿಗಳು ಒದಗಿಸಿಕೊಡಲಿ. ಬರಿಗೈಯಲ್ಲಿ ಬಂದವನೂ ಸಂಕೋಚವಿಲ್ಲದೆ ಕುಳಿತೇಳುವಂತಾದರೆ, ಗಾಂಧೀಜಿಯ ಹೆಸರನ್ನು ಹೊತ್ತುದಕ್ಕೆ ಬೀದಿಯೂ ಸಾರ್ಥಕವಾದೀತು.